ಹಿಟ್ಟು ಮನೆಯದು, ಬೆಂಕಿ ಓಣಿಯದು

ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದಿದ್ದ ಸಂಗತಿ ಅನೇಕರಿಗೆ ಗೊತ್ತು. 1304ರಲ್ಲಿ ಮೊರೊಕ್ಕೊದ ತಾಂಜೀರ್ ಪಟ್ಟಣದಲ್ಲಿ ಹುಟ್ಟಿದ ಈ ಯಾತ್ರಿಕ 1340ರ ದಶಕದಲ್ಲಿ ಅಲ್ಲಿನ ಸುಲ್ತಾನ ಜಮಾಲುದ್ದೀನನ ಆಶ್ರಯದಲ್ಲಿ ಉಳಿದಿದ್ದ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವು ಎಂದು ಆತ ಬರೆಸಿದ ಮಾತನ್ನು ನಾವು ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳುತ್ತೇವೆ. ಅಲ್ಲಿಯೇ ಇರುವ ಇನ್ನೊಂದು ಮಾತನ್ನು ಮಾತ್ರ ಯಾರೂ ಹೇಳುವುದಿಲ್ಲ. ಸುಲ್ತಾನನ ಊಟವನ್ನು ಆತ ಬಾಯಲ್ಲಿ ನೀರೂರುವಂತೆ ಬಣ್ಣಿಸುತ್ತಾನೆ: ಅನ್ನ, ತುಪ್ಪ, ಶುಂಠಿ ನಿಂಬೆ ಮಾವಿನ ಉಪ್ಪಿನಕಾಯಿಗಳು, ಕೋಳಿ, ಮೀನು, ಕೊನೆಗೆ ಮೊಸರು. ಎಲ್ಲವನ್ನೂ ಹೊಗಳಿದ ಮೇಲೆ, ಒಮ್ಮೆ ಹನ್ನೊಂದು ತಿಂಗಳು ಈ ಸುಲ್ತಾನನ ಬಳಿ ಇದ್ದೆ, ಅಷ್ಟೂ ದಿನ ರೊಟ್ಟಿ ತಿನ್ನಲಿಲ್ಲ ಎನ್ನುತ್ತಾನೆ. ಮುಂದೆ ಮಾಲ್ದೀವು, ಸಿಂಹಳ, ಮಲಬಾರುಗಳಲ್ಲೂ ಅನ್ನವೇ. ಕೊನೆಗೆ ನೀರು ಕುಡಿಯದೆ ಅನ್ನ ಗಂಟಲಿನಲ್ಲಿ ಇಳಿಯದಂತಾಯಿತಂತೆ.

ಆತ ಘಟ್ಟ ಹತ್ತಿ ನಮ್ಮ ಬಯಲುಸೀಮೆಗೆ ಬಂದಿದ್ದರೆ ರೊಟ್ಟಿಯೇನೋ ಸಿಗುತ್ತಿತ್ತು. ಆದರೆ ಜೋಳದ್ದು. ಅವನ ಜೀವ ಬಯಸುತ್ತಿದ್ದದ್ದು ಬಹುಶಃ ಅವನ ಊರಿನ ದುಂಡನೆಯ, ದಪ್ಪನೆಯ ಗೋಧಿ ರೊಟ್ಟಿ. ಮೊರೊಕ್ಕೊದವರು ಅದನ್ನು ‘ಖುಬ್ಜ್’ ಎನ್ನುತ್ತಾರೆ. ಆ ರೊಟ್ಟಿ ಈಗ ಧಾರವಾಡದ ಮಾಳಮಡ್ಡಿಯ ನಮ್ಮ ಅಡುಗೆಮನೆಯಲ್ಲಿ ವಾರಕ್ಕೆ ಎರಡು ಸಲ ಬೇಯುತ್ತದೆ.

ಅದನ್ನು ತಂದವನು ನನ್ನ ತಮ್ಮ. ಹದಿನಾರು ವರ್ಷ ಸೌದಿಯಲ್ಲಿ ದುಡಿದವನು. ಅಲ್ಲಿ ಒಂದೇ ಕೋಣೆಯಲ್ಲಿ ಜೊತೆಗಿದ್ದವರಲ್ಲಿ ಮೊರೊಕ್ಕೊದ ಒಬ್ಬ ರೊಟ್ಟಿಗಾರನಿದ್ದ. ರಜೆಯ ದಿನ ಆತ ಹಿಟ್ಟು ನಾದುತ್ತಿದ್ದರೆ ಇವನು ಪಕ್ಕದಲ್ಲಿ ನಿಂತು ನೋಡಿ ಕಲಿತ. 2020ರಲ್ಲಿ ಕೊರೊನಾ ಬಂತು, ಕಂಪನಿ ಮುಚ್ಚಿತು. ‘ವಂದೇ ಭಾರತ್’ ವಿಮಾನವೊಂದರಲ್ಲಿ ಇವನೂ ಊರಿಗೆ ಮರಳಿದ. ಕೊಲ್ಲಿಯಿಂದ ಬರುವವರ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಅತ್ತರು, ಕಂಬಳಿ, ಖರ್ಜೂರ ಇರುತ್ತದೆ. ಇವನ ಪೆಟ್ಟಿಗೆ ಹಗುರವಾಗಿತ್ತು.

ಗಂಡಸು ದುಡಿಮೆ ಕಳೆದುಕೊಂಡು ಮನೆಯಲ್ಲಿ ಕುಳಿತರೆ ಮನೆಗೆ ಒಂದು ಬಗೆಯ ಮೌನ ಬರುತ್ತದೆ. ಯಾರೂ ಏನೂ ಕೇಳುವುದಿಲ್ಲ, ಕೇಳದಿರುವುದೇ ಭಾರವಾಗುತ್ತದೆ. ಎರಡು ತಿಂಗಳು ಹೀಗೆ ಕಳೆದ ಮೇಲೆ ಒಂದು ಶುಕ್ರವಾರ ಅವನು ಅಡುಗೆಮನೆಗೆ ಬಂದು, ‘ಅಮ್ಮಿ, ಪರಾತ ಎಲ್ಲೈತಿ?’ ಎಂದ. ಐವತ್ತು ವರ್ಷ ಜೋಳದ ರೊಟ್ಟಿ ಬಡಿದ ನಮ್ಮ ಅಮ್ಮಿಗೆ ಮಗ ಹಿಟ್ಟಿಗೆ ಕೈಹಾಕುವುದು ವಿಚಿತ್ರವಾಗಿ ಕಂಡಿತು. ಆದರೂ ಪರಾತ ಕೊಟ್ಟಳು. ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತಳು.

ಖುಬ್ಜ್ ಮಾಡುವುದು ಕಷ್ಟವಲ್ಲ. 300 ಗ್ರಾಂ ಸಣ್ಣ ರವೆ, 200 ಗ್ರಾಂ ಗೋಧಿ ಹಿಟ್ಟು, ಎರಡು ಚಿಕ್ಕ ಚಮಚ ಒಣ ಯೀಸ್ಟ್, ಅಷ್ಟೇ ಉಪ್ಪು, ಚಿಟಿಕೆ ಸಕ್ಕರೆ, ಒಂದು ಚಮಚ ಸೋಂಪು, ಎರಡು ಚಮಚ ಎಣ್ಣೆ. ಉಗುರುಬೆಚ್ಚಗಿನ ನೀರು ಒಂದೂವರೆ ಲೋಟದಷ್ಟು. ಹಿಟ್ಟು ಕುಡಿಯುವುದನ್ನು ನೋಡಿ ಸ್ವಲ್ಪ ಸ್ವಲ್ಪವೇ ಹಾಕಬೇಕು. ಹತ್ತು ಹನ್ನೆರಡು ನಿಮಿಷ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಎರಡು ಉಂಡೆ ಮಾಡಿ ಹತ್ತು ನಿಮಿಷ ಬಿಟ್ಟು, ಬೆರಳು ದಪ್ಪಕ್ಕೆ ತಟ್ಟಿ, ರವೆ ಉದುರಿಸಿದ ಬಟ್ಟೆಯ ಮೇಲೆ ಮುಚ್ಚಿಡಬೇಕು. ನಮ್ಮ ಧಾರವಾಡದ ಬೇಸಿಗೆಯಲ್ಲಿ ಮುಕ್ಕಾಲು ಗಂಟೆ ಸಾಕು. ಮಳೆಗಾಲದ ಜಿಟಿಜಿಟಿಯಲ್ಲಿ ಒಂದೂವರೆ ಗಂಟೆಯೂ ಬೇಕು. ಉಬ್ಬಿದ ಮೇಲೆ ನಾಲ್ಕಾರು ಕಡೆ ಚುಚ್ಚಿ, 220 ಡಿಗ್ರಿ ಕಾದ ಓವನ್ನಿನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸಬೇಕು. ತಿರುವಿ ಬೆನ್ನು ಬಡಿದರೆ ಟೊಳ್ಳು ಸದ್ದು ಬರಬೇಕು, ಆಗ ಬೆಂದಿದೆ ಎಂದರ್ಥ. ಓವನ್ ಇಲ್ಲದವರು ದಪ್ಪ ಹಂಚಿನ ಮೇಲೆ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಬೇಯಿಸಬಹುದು.

ಅಮ್ಮಿಗೆ ಇದರಲ್ಲಿ ಹೊಸದಾಗಿ ಕಂಡದ್ದು ಕಾಯುವುದು. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ. ಕುದಿಯುವ ನೀರು ಹಾಕಿ, ಬಿಸಿ ಆರುವುದರೊಳಗೆ ನಾದಿ ಬಡಿದು ಹಂಚಿಗೆ ಹಾಕಬೇಕು, ತಡವಾದರೆ ಬಿರಿಯುತ್ತದೆ. ಗೋಧಿ ಹಾಗಲ್ಲ. ಅದರ ಜಿಗುಟು ನಾದಿದಷ್ಟೂ ಬಲೆಯಂತೆ ಹೆಣೆದುಕೊಂಡು, ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ‘ಜ್ವಾಳಕ್ಕ ಅವಸರ, ಇದಕ್ಕ ಸಬರ್’ ಎಂದು ಅಮ್ಮಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದಳು.

ರವೆಯ ವಿಷಯದಲ್ಲಿ ಒಂದು ಮಾತು ಹೇಳಬೇಕು. ಮೊರೊಕ್ಕೊದ ರವೆ ಡ್ಯೂರಂ ಎಂಬ ಗಟ್ಟಿ ಗೋಧಿಯದು, ಹಳದಿ ಬಣ್ಣದ್ದು. ಇದು ನಮಗೆ ಪರಕೀಯವಲ್ಲ. ನಮ್ಮ ಅಂಗಡಿಗಳಲ್ಲಿ ಉಪ್ಪಿಟ್ಟಿಗೆಂದು ಸಿಗುವ ಬನ್ಸಿ ರವೆ ಈ ಜಾತಿಯ ಗೋಧಿಯದೇ. ತುಸು ದಪ್ಪ, ಮಿಕ್ಸಿಯಲ್ಲಿ ಇನ್ನೊಮ್ಮೆ ತಿರುಗಿಸಿಕೊಂಡರೆ ಆಯಿತು. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಹಿಂಗಾರಿ ಪೈರಾಗಿ ಬೆಳೆಯುತ್ತಿದ್ದ ‘ಬಿಜಗಾ ಯೆಲ್ಲೋ’ ಎಂಬ ಹಳೆಯ ತಳಿಯೂ ಡ್ಯೂರಂ ಗೋಧಿಯೇ. ನಮ್ಮ ಊರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಈ ಗೋಧಿಯ ಮೇಲೆ, ಇದರ ಸೋದರನಂತಿರುವ ಸದಕ ಗೋಧಿಯ ಮೇಲೆ ಸಂಶೋಧನೆ ನಡೆಯುತ್ತ ಬಂದಿದೆ. ಎಲ್ಲಿಯ ತಾಂಜೀರ್, ಎಲ್ಲಿಯ ಎರೆಭೂಮಿ! ಬೇಕಾದ ಕಾಳು ಮಾತ್ರ ನಮ್ಮ ಕಣಜದಲ್ಲಿಯೇ ಇತ್ತು.

ಆದರೆ ತಮ್ಮ ಹೇಳಿದ್ದರಲ್ಲಿ ನನ್ನ ಮನಸ್ಸು ಹೊಕ್ಕಿದ್ದು ರುಚಿಯ ಸಂಗತಿಯಲ್ಲ, ಒಲೆಯ ಸಂಗತಿ. ಫೆಜ್‌ನಂಥ ಹಳೆಯ ಪಟ್ಟಣಗಳಲ್ಲಿ ಪ್ರತಿ ಓಣಿಗೂ ಒಂದು ಮಸೀದಿ, ಮಕ್ಕಳ ಶಾಲೆ, ನೀರಿನ ಕಾರಂಜಿ, ಹಮಾಮು ಇರುವಂತೆ ಒಂದು ಸಾರ್ವಜನಿಕ ಒಲೆಯೂ ಇರುತ್ತದೆ. ಅದನ್ನು ‘ಫರ್ರಾನ್’ ಎನ್ನುತ್ತಾರೆ. ಮನೆಯಲ್ಲಿ ಹೆಂಗಸರು ಹಿಟ್ಟು ನಾದಿ, ರೊಟ್ಟಿ ತಟ್ಟಿ, ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿ ಮಕ್ಕಳ ಕೈಯಲ್ಲಿ ಕಳಿಸುತ್ತಾರೆ. ಒಲೆಯವನು ಹತ್ತಾರು ಮನೆಗಳ ರೊಟ್ಟಿಯನ್ನು ಒಂದೇ ಬೆಂಕಿಯಲ್ಲಿ ಬೇಯಿಸುತ್ತಾನೆ. ಯಾವುದು ಯಾರದು ಎಂದು ತಿಳಿಯಲು ಮನೆಗೊಂದು ಗುರುತು ಒತ್ತಿರುತ್ತಾರೆ. ಹಿಟ್ಟು ಮನೆಯದು, ಬೆಂಕಿ ಓಣಿಯದು. ಮನೆಮನೆಗೂ ಗ್ಯಾಸಿನ ಓವನ್ ಬಂದ ಮೇಲೆ ಇಂಥ ಒಲೆಗಳು ಕಡಿಮೆಯಾಗುತ್ತಿವೆಯಂತೆ.

ನಮ್ಮಲ್ಲೂ ಇದರ ನೆರಳು ಇತ್ತು. ನಾನು ಚಿಕ್ಕವಳಿದ್ದಾಗ ಈದ್ ಹತ್ತಿರ ಬಂದರೆ ಮೈದಾ, ತುಪ್ಪ, ಸಕ್ಕರೆ ಕಟ್ಟಿಕೊಂಡು ಬೇಕರಿಗೆ ಹೋಗಿ ನಾನ್‌ಖಟಾಯಿ ಮಾಡಿಸಿಕೊಂಡು ಬರುತ್ತಿದ್ದೆವು. ದೀಪಾವಳಿಯ ಮುಂದೆ ಹಿಂದೂ ಮನೆಗಳವರೂ ಅದೇ ಸಾಲಿನಲ್ಲಿ ಡಬ್ಬಿ ಹಿಡಿದು ನಿಲ್ಲುತ್ತಿದ್ದರು. ಡಬ್ಬಿಯ ಮೇಲೆ ಹೆಸರು ಬರೆದ ಚೀಟಿ ಅಂಟಿಸಿರುತ್ತಿತ್ತು. ಬೆಂಕಿಗೆ ಆ ಹೆಸರುಗಳ ಗೊಡವೆ ಇರಲಿಲ್ಲ.

ರೊಟ್ಟಿಯೆಂದರೆ ಬರೀ ಅಕ್ಕರೆಯ ಮಾತಲ್ಲ. ಮೊರೊಕ್ಕೊದ ಲೇಖಕ ಮುಹಮ್ಮದ್ ಶುಕ್ರಿಯ ಆತ್ಮಕಥನಕ್ಕೆ ‘ಅಲ್ ಖುಬ್ಜ್ ಅಲ್ ಹಾಫಿ’ ಎಂದು ಹೆಸರು. ಜೊತೆಗೆ ನಂಜಿಕೊಳ್ಳಲು ಏನೂ ಇಲ್ಲದ ಬರೀ ರೊಟ್ಟಿ ಎಂದರ್ಥ. ಅರಬ್ಬಿಯಲ್ಲಿ 1982ರಲ್ಲಿ ಪ್ರಕಟವಾದ ಈ ಪುಸ್ತಕ ಮರುವರ್ಷವೇ ಅಲ್ಲಿ ನಿಷೇಧಕ್ಕೊಳಗಾಗಿ, 2000ದವರೆಗೂ ಹಾಗೆಯೇ ಇತ್ತು. ಬರದಿಂದ ಕಂಗೆಟ್ಟ ಕುಟುಂಬ ಹಳ್ಳಿ ಬಿಟ್ಟು ಹೊರಡುವಾಗ, ಹಸಿದು ಅಳುವ ಮಗುವಿಗೆ ತಾಯಿ, ತಾಂಜೀರಿನಲ್ಲಿ ಬೇಕಾದಷ್ಟು ರೊಟ್ಟಿ ಇದೆ ಎಂದು ಸಮಾಧಾನ ಹೇಳುತ್ತಾಳೆ. ಅದೇ ತಾಂಜೀರಿನವನು ಇಬ್ನ್ ಬತೂತ, ಅರಮನೆಯ ಊಟದ ನಡುವೆ ರೊಟ್ಟಿಯನ್ನು ನೆನೆದವನು. 1981ರ ಜೂನ್‌ನಲ್ಲಿ ಕಾಸಾಬ್ಲಾಂಕಾದಲ್ಲಿ ಆಹಾರದ ಬೆಲೆ ಏರಿದಾಗ ಜನ ಬೀದಿಗಿಳಿದರು, ಗುಂಡೇಟಿಗೆ ಸತ್ತರು. ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನು ಅಲ್ಲಿನವರು ಎತ್ತಿ, ಮುತ್ತಿಟ್ಟು, ಕಾಲಿಗೆ ಸಿಗದ ಎತ್ತರದಲ್ಲಿ ಇಡುತ್ತಾರೆ. ನಮ್ಮ ಅಮ್ಮಿಯೂ ಹಾಗೆಯೇ ಮಾಡುತ್ತಾಳೆ. ಅವಳಿಗೆ ಯಾವ ಪುಸ್ತಕವೂ ಇದನ್ನು ಹೇಳಿಕೊಟ್ಟದ್ದಲ್ಲ. ಹಸಿವು ಕಂಡವರೆಲ್ಲ ಕಲಿಯುವ ಪಾಠ ಇದು.

ಮಾಳಮಡ್ಡಿ ರೈಲು ನಿಲ್ದಾಣದ ಮಗ್ಗುಲಿಗಿರುವ ಹಳೆಯ ಬಡಾವಣೆ. ಹೆಂಚಿನ ಮನೆಗಳು, ಹಿತ್ತಲಿನಲ್ಲಿ ಮಾವಿನ ಮರ, ಬೆಳಿಗ್ಗೆ ಮಠ ಮಂದಿರಗಳ ಗಂಟೆ. ಹೆಚ್ಚಿನವು ಬ್ರಾಹ್ಮಣರ ಮನೆಗಳು. ನಾವು ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿದ ಮೇಲೆ ಮನೆ ಖಾಲಿಯಿಲ್ಲ ಎಂದವರು ಬೇರೆ ಬೇರೆ ಕಡೆ ಸಿಕ್ಕಿದ್ದರು. ಇಲ್ಲಿ ಕೊಟ್ಟರು. ಆದರೂ ಒಗ್ಗರಣೆಯ ವಾಸನೆ ಗೋಡೆ ದಾಟದಂತೆ ಕಿಟಕಿ ಮುಚ್ಚುವುದು ನಮಗೆ ಅಭ್ಯಾಸವಾಗಿಹೋಗಿತ್ತು. ರೊಟ್ಟಿ ಬೇಯುವಾಗ ಮಾತ್ರ ತಮ್ಮ ಕಿಟಕಿ ತೆರೆದಿಡುತ್ತಾನೆ, ಸೆಕೆ ಎಂದು.

ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದ ಕೇಳಿದರು: ‘ಏನ್ರೀ ಅದು, ಛಲೋ ವಾಸನಿ ಬರಾಕತ್ತದಲ್ಲ?’ ತಮ್ಮ ಹೇಳಿದ. ತತ್ತಿ ಹಾಕೀರೇನು ಎಂದರು. ಇಲ್ಲ, ರವೆ, ಹಿಟ್ಟು, ಉಪ್ಪು, ಎಣ್ಣೆ, ಉಬ್ಬಲಿಕ್ಕೆ ಯೀಸ್ಟ್ ಅಷ್ಟೇ ಎಂದ. ‘ಹಂಗಾದ್ರ ಇಡ್ಲಿ ಹಿಟ್ಟು ಹುಳಿ ಬರಸಿಧಂಗ’ ಎಂದು ತಾವೇ ಅರ್ಥ ಮಾಡಿಕೊಂಡರು. ಕೊಟ್ಟ ರೊಟ್ಟಿಯನ್ನು ತೆಗೆದುಕೊಳ್ಳಲಿಲ್ಲ. ಆದರೆ ಅಳತೆಯನ್ನು ಎರಡು ಸಲ ಕೇಳಿಕೊಂಡರು.

ಎಂಟು ದಿನದ ಮೇಲೆ ಅವರ ಮೊಮ್ಮಗ ತಾಟಿನ ಮೇಲೆ ಬಟ್ಟೆ ಮುಚ್ಚಿಕೊಂಡು ನಮ್ಮ ಬಾಗಿಲಿಗೆ ಬಂದ. ಒಳಗೆ ತಟ್ಟಿದ ಎರಡು ರೊಟ್ಟಿ. ‘ನಮ್ಮನ್ಯಾಗ ಓವನ್ ಇಲ್ರೀ, ಬೇಯಿಸಿ ಕೊಡ್ರಿ ಅಂದಾಳ ಅಜ್ಜಿ’ ಎಂದ. ಚಕ್ಕುಲಿ ಒರಳಿನ ಬಿಲ್ಲೆಯಿಂದ ಒತ್ತಿದ ನಕ್ಷತ್ರದ ಗುರುತು ಎರಡರ ಮೇಲೂ ಇತ್ತು. ಆ ಅಜ್ಜಿಗೆ ಫರ್ರಾನಿನ ಕತೆ ಯಾರೂ ಹೇಳಿರಲಿಲ್ಲ. ತಮ್ಮ ಅವುಗಳನ್ನು ನಮ್ಮ ಎರಡು ರೊಟ್ಟಿಗಳ ಪಕ್ಕದಲ್ಲೇ ಇಟ್ಟು ಬೇಯಿಸಿದ, ಅವರದೇ ತಾಟಿನಲ್ಲಿ ಕಳಿಸಿದ. ಮನೆಯಲ್ಲಿ ಯಾರು ಯಾರು ತಿಂದರು ಎಂದು ನಾವು ಕೇಳಲಿಲ್ಲ. ಈಗ ತಿಂಗಳಿಗೆ ಒಂದೆರಡು ಸಲ ಆ ತಾಟು ಬರುತ್ತದೆ.

ಇದನ್ನು ಸೌಹಾರ್ದದ ದೊಡ್ಡ ಕತೆ ಮಾಡಲು ನನಗೆ ಮನಸ್ಸಿಲ್ಲ. ಅಜ್ಜಿ ತಮ್ಮ ಮಡಿ ಬಿಟ್ಟಿಲ್ಲ, ಬಿಡಬೇಕೆಂದು ನಾವು ಬಯಸಿಯೂ ಇಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುವ ದಿನ ಬರಲಿ, ಬರದಿರಲಿ, ಅದಕ್ಕೂ ಮೊದಲು ಮನುಷ್ಯರು ಒಂದೇ ಬೆಂಕಿಯನ್ನು ಹಂಚಿಕೊಳ್ಳಬಹುದು ಎಂಬುದು ಫೆಜ್‌ನ ಓಣಿಗಳಿಗೆ ಗೊತ್ತಿತ್ತು, ನಮ್ಮ ಬೇಕರಿಯ ಸಾಲಿಗೂ ಗೊತ್ತಿತ್ತು. ತಮ್ಮ ಈಗ ಬಾಡಿಗೆಗೆ ಒಂದು ಸಣ್ಣ ಅಂಗಡಿ ನೋಡುತ್ತಿದ್ದಾನೆ. ತನ್ನ ರೊಟ್ಟಿ ಮಾರುವುದರ ಜೊತೆಗೆ, ಹಿಟ್ಟು ತಂದವರಿಗೆ ಬೇಯಿಸಿಯೂ ಕೊಡುವ ವಿಚಾರ ಅವನದು. ಲಾಭವಾದೀತೇ ಎಂದು ಕೇಳಿದರೆ ಉತ್ತರ ಕೊಡುವುದಿಲ್ಲ, ದೊಡ್ಡ ಓವನ್ನಿನ ಬೆಲೆ ಹೇಳುತ್ತಾನೆ. ಅಮ್ಮಿ ಮಾತ್ರ ಆಗಲೇ ಒಂದು ಕೆಲಸ ವಹಿಸಿಕೊಂಡಿದ್ದಾಳೆ: ಯಾರ ಗುರುತು ಯಾವುದು ಎಂದು ನೆನಪಿಡುವುದು.