ರಾತ್ರಿ ಕಾಲು ಹಿಡಿದಾಗ

ದಿನವಿಡೀ ನಿಂತು ಪಾಠ ಹೇಳುವ ನಮ್ಮಂಥ ಮಾಸ್ತರರಿಗೆ, ಅಕ್ಕೋರಿಗೆ ಈ ಬೇನೆ ಚೆನ್ನಾಗಿ ಗೊತ್ತು. ನಡುರಾತ್ರಿ ಮೀನಖಂಡ ಒಮ್ಮೆಲೇ ಕಲ್ಲಿನಂತೆ ಬಿಗಿಯುತ್ತದೆ. ನಾವು ‘ಕಾಲು ಹಿಡೀತು’ ಅನ್ನುತ್ತೇವೆ, ಅಕ್ಕಲಕೋಟ ಕಡೆಯ ನಮ್ಮ ಮರಾಠಿ ನೆರೆಯವರು ‘ಪಾಯಾತ ಗೋಳೆ ಆಲೆ’ ಅನ್ನುತ್ತಾರೆ. ಗೋಳೆ ಅಂದರೆ ಉಂಡೆಗಳು. ಮುಟ್ಟಿ ನೋಡಿದರೆ ಆ ಹೆಸರೇ ಸರಿ ಅನ್ನಿಸುತ್ತದೆ.

ನೋವು ಕೆಲವೇ ನಿಮಿಷದ್ದು, ಆದರೆ ಕೆಟ್ಟ ನಿದ್ದೆ ಮರುದಿನದ ತರಗತಿಯನ್ನೂ ಕೆಡಿಸುತ್ತದೆ. ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಒಬ್ಬರು ಮಲಗಿದರೆ ಬದಲಿಗೆ ಕನ್ನಡ ಬಲ್ಲವರು ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ಇದನ್ನು ‘ವಯಸ್ಸಾಯ್ತು ಬಿಡ್ರಿ’ ಎಂದು ತಳ್ಳಿಹಾಕುವಂತಿಲ್ಲ.

ಬಹಳ ಸಲ ಇಂಥದ್ದೇ ಕಾರಣ ಎಂದು ಹೇಳಲಾಗುವುದಿಲ್ಲ. 50 ದಾಟಿದವರಲ್ಲಿ, ಬಸುರಿಯರಲ್ಲಿ, ಬಹಳ ಹೊತ್ತು ನಿಲ್ಲುವವರಲ್ಲಿ ಹೆಚ್ಚು. ಪಾದದ ಬೆರಳು ಕೆಳಗೆ ಚಾಚಿ ಮಲಗಿದಾಗ ಮೀನಖಂಡ ಮೊದಲೇ ಕುಗ್ಗಿರುತ್ತದೆ, ಅಲ್ಲಿಂದ ಬಿಗಿಯಲು ಸ್ವಲ್ಪವೇ ಸಾಕು.

ಹಿಡಿದ ಕೂಡಲೇ ಮೊಣಕಾಲು ನೆಟ್ಟಗೆ ಮಾಡಿ, ಪಾದದ ಬೆರಳುಗಳನ್ನು ಮೈಕಡೆ ಎಳೆದುಕೊಳ್ಳಬೇಕು. ತಿಕ್ಕಬೇಕು, ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಆಮೇಲೆ ಬಿಸಿನೀರಿನ ಶಾಖ ಹಿತ.

ಮಲಗುವ ಮುಂಚೆ ಕಾಲು ಚಾಚುವ ವ್ಯಾಯಾಮ ಮಾಡಬಹುದು. 2012ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದರಲ್ಲಿ 55 ದಾಟಿದವರು 6 ವಾರ ಹೀಗೆ ಮಾಡಿದಾಗ ಸೆಳೆತ ಕಡಿಮೆಯಾಯಿತು. ಗೋಡೆಗೆ ಕೈಯೂರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ ಮುಂದಕ್ಕೆ ಬಾಗುವುದು. 10 ಸೆಕೆಂಡಿನಂತೆ 3 ಸಲ, ಎರಡೂ ಕಾಲಿಗೆ. ನಾವು ಶಾಲೆಯಲ್ಲೂ ಮಾಡುತ್ತೇವೆ. ಮೊದಲ ದಿನ ಒಬ್ಬ ಹುಡುಗ ಕೇಳಿದ: ‘ಗೋಡಿ ಬೀಳ್ತೈತೇನ್ರಿ ಸರ್?’

ಗುಳಿಗೆಯ ವಿಷಯದಲ್ಲಿ ಎಚ್ಚರ. ಹಿಂದೆ ಇದಕ್ಕೆ ಕ್ವಿನೈನ್ ಕೊಡುತ್ತಿದ್ದರು. ರಕ್ತಕ್ಕೂ ಹೃದಯಕ್ಕೂ ಅಪಾಯವೆಂದು ಅಮೆರಿಕದ ಔಷಧ ನಿಯಂತ್ರಕರು 2006ರಲ್ಲೇ ಎಚ್ಚರಿಸಿದರು. ವಯಸ್ಸಾದವರಿಗೆ ಮೆಗ್ನೀಸಿಯಮ್ಮಿನಿಂದಲೂ ಹೇಳಿಕೊಳ್ಳುವ ಲಾಭವಿಲ್ಲ. ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆ, ಕೊಲೆಸ್ಟರಾಲ್ ಗುಳಿಗೆಗಳಿಂದಲೂ ಕೆಲವರಿಗೆ ಕಾಲು ಹಿಡಿಯುವುದುಂಟು. ಹಾಗನ್ನಿಸಿದರೆ ಡಾಕ್ಟರನ್ನು ಕೇಳಬೇಕು, ತಾವಾಗಿಯೇ ಗುಳಿಗೆ ಬಿಡಬಾರದು.

ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ತಿಕ್ಕುತ್ತ ಕೂಡಬೇಡಿ. ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ನಡೆದರೆ ನೋವು, ನಿಂತರೆ ಕಡಿಮೆ ಎಂಬವರೂ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರೂ ತೋರಿಸಿಕೊಳ್ಳಲಿ.

ಪಾಲಕರೇ, ಹೊಲದಲ್ಲಿ ದುಡಿದು ಬರುವ ಅವ್ವ-ಅಪ್ಪಂದಿರಿಗೂ ಇದೇ ಬೇನೆ. ಗೋಡೆಯ ಪಾಠವನ್ನು ಮಕ್ಕಳಿಗೆ ಕಲಿಸಿದ್ದೇವೆ. ಇಂದು ರಾತ್ರಿ ಅವರಿಂದ ಹೇಳಿಸಿಕೊಳ್ಳಿ.