ಎಲ್ಲಿ ಹಿಡ್ಕೊಂಡೈತಿ?

ಇದು 2021ರ ಮೇ ತಿಂಗಳ ಮಾತು. ಕೋವಿಡ್‌ನ ಎರಡನೇ ಅಲೆ ಜೋರಾಗಿತ್ತು. ಹಂಪಿಯ ಸ್ಮಾರಕಗಳಿಗೆ ಏಪ್ರಿಲ್ 16ರಿಂದಲೇ ಬೀಗ ಬಿದ್ದಿತ್ತು. ಅತ್ತ ತೋರಣಗಲ್ಲಿನಲ್ಲಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಏಳುತ್ತಿತ್ತು. ಜಿಂದಾಲ್ ಕಾರ್ಖಾನೆಯ ಆಮ್ಲಜನಕ ಕೊಳವೆಯಲ್ಲೇ ಹರಿದು ಬರುತ್ತದಂತೆ ಎಂದು ಜನ ಧೈರ್ಯ ತಂದುಕೊಳ್ಳುತ್ತಿದ್ದರು. ನಮ್ಮ ಬುಕ್ಕಸಾಗರದಲ್ಲಿ ಸುಗಂಧಿ ಬಾಳೆ ಕೇಳುವವರಿಲ್ಲದೆ ಗಿಡದಲ್ಲೇ ಹಣ್ಣಾಗುತ್ತಿತ್ತು.

ಒಂದು ಮಧ್ಯಾಹ್ನ ನಮ್ಮ ದೊಡ್ಡವ್ವ "ಉಸಿರು ಆಡವಲ್ದು" ಎಂದು ಕಟ್ಟೆ ಮೇಲೆ ಕೂತುಬಿಟ್ಟಳು. ಜ್ವರವಿಲ್ಲ, ಕೆಮ್ಮಿಲ್ಲ. ಓಣಿಯ ಆಶಾ ಕಾರ್ಯಕರ್ತೆ ಬಂದಳು. ದೊಡ್ಡವ್ವನ ಬೆರಳುಗಳು ಬಾಳೆಯ ಕಲೆ ಹತ್ತಿ ಕಪ್ಪಾಗಿದ್ದವು, ತಣ್ಣಗಿದ್ದವು. ತಣ್ಣನೆಯ ಬೆರಳಲ್ಲಿ ರಕ್ತದ ಓಡಾಟ ಕಮ್ಮಿ, ಆಕ್ಸಿಮೀಟರಿನ ಬೆಳಕಿಗೆ ಲೆಕ್ಕ ಸರಿಯಾಗಿ ಸಿಗುವುದಿಲ್ಲ. ಕೈ ತೊಳೆಸಿ, ಬೆರಳನ್ನು ತಿಕ್ಕಿ ಬಿಸಿ ಮಾಡಿ, ಆಮೇಲೆ ಹಾಕಿದಳು. 98. ಆರು ನಿಮಿಷ ಅಂಗಳದಲ್ಲಿ ನಡೆಸಿ ಮತ್ತೆ ನೋಡಿದಳು. 97.

"ಏನೂ ಇಲ್ಲ ಬಿಡಬೇ" ಎಂದರು ಮನೆಯವರು. ಆಕೆ ಹಾಗನ್ನಲಿಲ್ಲ. "ದೊಡ್ಡವ್ವ, ಎಲ್ಲಿ ಹಿಡ್ಕೊಂಡೈತಿ? ಕೈ ಇಟ್ಟು ತೋರ್ಸು."

ದೊಡ್ಡವ್ವನ ಕೈ ಎದೆ ದಾಟಿ ಗಂಟಲ ಮೇಲೆ ನಿಂತಿತು. "ಇಲ್ಲಿ. ನುಂಗಾಕ ಆಗವಲ್ದು."

"ಯಾವಾಗಿಂದ?"

ಬಹಳ ಹೊತ್ತು ಸುಮ್ಮನಿದ್ದಳು. "ಹುಡುಗನ ಫೋನ್ ಬಂದಾಗಿಂದ."

ಮಗ ಪಾಸಿಟಿವ್ ಆಗಿ ಹೊಸಪೇಟೆಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ. ಅದನ್ನವಳು ಯಾರಿಗೂ ಹೇಳಿರಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅತ್ತ ಮೇಲೆ ಅರ್ಧ ಚೊಂಬು ನೀರು ಗಂಟಲಲ್ಲಿಳಿಯಿತು.

ಹೆದರಿದವರ ಗಂಟಲು ನಿಜಕ್ಕೂ ಬಿಗಿಯುತ್ತದೆ, ಉಸಿರು ಮೇಲುಮೇಲಕ್ಕೇ ಆಡುತ್ತದೆ. ದೊಡ್ಡವ್ವನ ದಮ್ಮು ಸುಳ್ಳಾಗಿರಲಿಲ್ಲ, ಅದರ ಬೇರು ಬೇರೆ ಕಡೆ ಇತ್ತು. ಇದಕ್ಕೆ ಉಲ್ಟಾ, ಆ ಕಾಯಿಲೆಯಲ್ಲಿ ಕೆಲವರಿಗೆ ಆಮ್ಲಜನಕ 94ಕ್ಕಿಂತ ಬಹಳ ಕೆಳಗಿಳಿದರೂ ದಮ್ಮೇ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಆ ಯಂತ್ರವೂ ಬೇಕಿತ್ತು, ಆ ಪ್ರಶ್ನೆಯೂ ಬೇಕಿತ್ತು. ನಿಮ್ಹಾನ್ಸ್‌ನ ಸಹಾಯವಾಣಿ 2020ರಲ್ಲೇ ಶುರುವಾಗಿತ್ತು, ಒಳ್ಳೆಯ ಕೆಲಸ. ಆದರೆ ಮನಸ್ಸಿಗೆ ಸಂಕಟವೆಂದು ಯಾರಿಗೋ ಫೋನ್ ಮಾಡುವ ರೂಢಿ ದೊಡ್ಡವ್ವನಂಥವರಿಗೆಲ್ಲಿ? ಅವರ ದುಃಖ ಮೈಯೊಳಗೇ ಕೂರುತ್ತದೆ. ಮೈಯ ಬಳಿಯೇ ಹೋಗಿ ಕೇಳಬೇಕು.

ಮಗನಿಗೆ ದಿನಾ ಎರಡು ಹೊತ್ತು ಫೋನ್ ಮಾಡುವುದೆಂದು ಗೊತ್ತು ಮಾಡಿದೆವು. ಮರುದಿನ ಸಂಜೆ ದೊಡ್ಡವ್ವ ಅವನನ್ನು ಊಟ ಆಯ್ತೇನೆಂದು ಕೇಳಲಿಲ್ಲ. "ನಿನಗೆಲ್ಲಿ ಹಿಡ್ಕೊಂಡೈತಪ್ಪ?" ಎಂದಳು.

ಅವನು ತುಸು ತಡೆದು, "ಹೊಟ್ಟಿಯಾಗ ಬೇ. ರಾತ್ರಿ ಜಾಸ್ತಿ" ಎಂದ.

ಅವತ್ತಿನಿಂದ ರಾತ್ರಿ ಹತ್ತಕ್ಕೆ ಮೂರನೇ ಫೋನು ಶುರುವಾಯಿತು.