ತಪ್ಪಲೆಯ ಮುಚ್ಚಳ ತೆಗೆಯುವ ಹೊತ್ತು

ಬೆಳಗಿನ ಆರೂವರೆ. ಮೈಸೂರಿನ ಡಿಸೆಂಬರ್ ಚಳಿಗೆ ಅಡುಗೆಮನೆಯ ನೆಲ ಕೊರೆಯುತ್ತಿದೆ. ಹಳೇ ಶಾಲು ಸುತ್ತಿ ಮೂಲೆಯಲ್ಲಿಟ್ಟಿದ್ದ ತಪ್ಪಲೆಯನ್ನು ಅಲುಗಾಡಿಸದೆ ಎತ್ತಿ ಕಟ್ಟೆಯ ಮೇಲಿಡುತ್ತೇನೆ. ಮುಚ್ಚಳ ತೆಗೆದರೆ ಹಿತವಾದ ಹುಳಿ ವಾಸನೆ, ಅದರ ಹಿಂದೆಯೇ ಮೆಂತ್ಯದ ಘಮ. ನಿನ್ನೆ ಸಂಜೆ ಅರ್ಧ ತಪ್ಪಲೆಯಿದ್ದ ಹಿಟ್ಟು ಕಂಠದವರೆಗೆ ಏರಿ ನಿಂತಿದೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಒಡೆಯುತ್ತಿದೆ.

ಬಾಗಿಲ ಬಳಿ ಸ್ಟೂಲಿನ ಮೇಲೆ ಅಮ್ಮ, ಕೈಯಲ್ಲಿ ಕಾಫಿ ಲೋಟ. ಈಚೆಗೆ ಅವಳಿಗೆ ಕಣ್ಣು ಮಂಜು.

"ಉಬ್ಬಿದೆಯೇನೇ?"

"ಚೆನ್ನಾಗಿ ಉಬ್ಬಿದೆ ಅಮ್ಮ."

"ಹಾಗಾದ್ರೆ ಕಲಕಬೇಡ ಕಣೇ. ಮೇಲಿಂದ ಮೆಲ್ಲಗೆ ತಗೋ."

ಸೆಟ್ ದೋಸೆ ಮೆತ್ತಗಾಗುವ ಗುಟ್ಟೆಲ್ಲ ಈ ಮಾತಿನಲ್ಲಿದೆ. ಹಿಟ್ಟಿಗೆ 3 ಲೋಟ ದೋಸೆ ಅಕ್ಕಿ, ಮುಕ್ಕಾಲು ಲೋಟ ಉದ್ದಿನಬೇಳೆ, 1 ಲೋಟ ಗಟ್ಟಿ ಅವಲಕ್ಕಿ, 1 ಚಮಚ ಮೆಂತ್ಯ. ಅಕ್ಕಿ ಸಣ್ಣ ರವೆಯಷ್ಟು ತರಿಯಿದ್ದರೆ ಸಾಕು. ಉದ್ದಿನ ವಿಷಯದಲ್ಲಿ ಮಾತ್ರ ಅಮ್ಮನಿಗೆ ರಾಜಿಯಿಲ್ಲ. ತಣ್ಣೀರು ಚಿಮುಕಿಸುತ್ತ ಚಿಮುಕಿಸುತ್ತ ಬೆಣ್ಣೆಯ ಹಾಗೆ ರುಬ್ಬಬೇಕು. ಒಂದು ತೊಟ್ಟು ನೀರಿಗೆ ಬಿಟ್ಟರೆ ತೇಲಬೇಕು. ಮುಳುಗಿದರೆ ಇನ್ನೂ ರುಬ್ಬು. ಆಮೇಲೆ ಉಪ್ಪು ಹಾಕಿ, ಕೈಯಿಂದಲೇ ಕಲಸಿ, ಬೆಚ್ಚಗೆ ಮುಚ್ಚಿಡುವುದು. ಬೇಸಿಗೆಯಲ್ಲಿ 8 ಗಂಟೆಗೇ ಉಕ್ಕಿಬರುವ ಹಿಟ್ಟಿಗೆ ಈ ಚಳಿಯಲ್ಲಿ 13 ಗಂಟೆ ಬೇಕಾಯಿತು.

ಅಷ್ಟು ಹೊತ್ತೂ ಒಳಗೆ ಕೆಲಸ ನಡೆದಿತ್ತು. ಲ್ಯೂಕೊನಾಸ್ಟಾಕ್ ಎಂಬ ಸೂಕ್ಷ್ಮಜೀವಿಗಳು ಬೇಳೆಯ ಜೊತೆಯಲ್ಲೇ ಬಂದಿರುತ್ತವೆ. ಹಿಟ್ಟಿನ ಸಕ್ಕರೆ ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ಆ ಗಾಳಿ ತಪ್ಪಿಸಿಕೊಳ್ಳದಂತೆ ಹಿಡಿದಿಡುವುದು ಉದ್ದಿನ ಲೋಳೆ. ಚಿಟಿಕೆ ಸೋಡಾ ಹಾಕಿದರೂ ದೋಸೆ ಉಬ್ಬುತ್ತದೆ, ನಿಜ. ಆದರೆ ಈ ಹುಳಿ, ಈ ಘಮ ಸೋಡಾದಿಂದ ಬರುವುದಿಲ್ಲ. ನಾನು ಹಾಕುವುದಿಲ್ಲ.

ಕಬ್ಬಿಣದ ಕಾವಲಿಗೆ ಅರ್ಧ ಈರುಳ್ಳಿಯಿಂದ ಎಣ್ಣೆ ಸವರಿ, ಒಂದು ಸವುಟು ಹಿಟ್ಟು ಹುಯ್ಯುತ್ತೇನೆ. ಚುರ್ರ್ ಎಂದು ಜೋರು ಸದ್ದು.

"ಉರಿ ಜಾಸ್ತಿಯಾಯ್ತು," ಅಮ್ಮ ಕೂತಲ್ಲಿಂದಲೇ ಹೇಳುತ್ತಾಳೆ.

ನೋಡಿದರೆ ಹೌದು. ತಳ ಆಗಲೇ ಕೆಂಪಾಗಿದೆ, ಮೇಲೆ ನಾಲ್ಕೈದೇ ತೂತು. ಗಾಳಿ ಮೇಲೇರುವ ಮೊದಲೇ ಹಿಟ್ಟು ಬಿಗಿದುಕೊಂಡುಬಿಟ್ಟಿದೆ. ಉರಿ ತಗ್ಗಿಸಿ, ಕಾವಲಿಗೆ ನೀರು ಚಿಮುಕಿಸಿ ಒರೆಸಿ, ಇನ್ನೊಂದು ಸವುಟು. ತೆಳ್ಳಗೆ ಎಳೆಯುವಂತಿಲ್ಲ; ಹುಯ್ದು, ಸವುಟಿನ ತಳದಿಂದ ಒಂದೇ ಒಂದು ಸುತ್ತು ಸವರಿ ಬಿಡುವುದು. ಈ ಸಲ ಸದ್ದು ಸಣ್ಣಗೆ, ಒಂದೇ ಸಮ. ಮೊದಲು ಅಂಚಿನಲ್ಲಿ ಒಂದು ತೂತು. ಪಕ್ಕದಲ್ಲಿ ಎರಡು. ಆಮೇಲೆ ಮಳೆಹನಿ ಬಿದ್ದ ಮರಳಿನ ಹಾಗೆ ನಡುವಿನವರೆಗೂ ತೂತೇ ತೂತು. ಎಲ್ಲರ ಮನೆ ದೋಸೆಯೂ ತೂತೇ ಅನ್ನುವ ಗಾದೆಯಲ್ಲಿ ತೂತೆಂದರೆ ಕೊರತೆ. ಈ ಕಾವಲಿಯ ಮುಂದೆ ನಿಂತವಳಿಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ.

ಮುಚ್ಚಳ ಹಾಕುತ್ತೇನೆ. ಒಂದೂವರೆ ನಿಮಿಷ. ಮಗುಚುವುದಿಲ್ಲ, ಮೇಲ್ಭಾಗ ತನ್ನ ಹಬೆಯಲ್ಲೇ ಬೇಯಬೇಕು.

ಮೂರಾದ ಮೇಲೆ ಒಂದರ ಮೇಲೊಂದು ಪೇರಿಸಿ, ಪಕ್ಕದಲ್ಲಿ ಸಾಗು, ಕಾಯಿಚಟ್ನಿ ಬಡಿಸಿ ತಟ್ಟೆಯನ್ನು ಅಮ್ಮನ ತೊಡೆಯ ಮೇಲಿಡುತ್ತೇನೆ. ಅವಳು ತಿನ್ನುವುದಿಲ್ಲ. ಮೊದಲು ತೋರುಬೆರಳಿಂದ ಮೇಲಿನ ದೋಸೆಯನ್ನು ಒತ್ತಿ, ಬೆರಳು ತೆಗೆಯದೆ ಕಾಯುತ್ತಾಳೆ. ದೋಸೆ ಬೆರಳನ್ನು ಮೇಲಕ್ಕೆ ತಳ್ಳುತ್ತದೆ.

"ಹ್ಞಾಂ," ಅನ್ನುತ್ತಾಳೆ. "ನೀನೂ ಒಂದು ತಟ್ಟೆ ತಗೋ. ಬಿಸಿ ಆರತ್ತೆ."